ಒಂದು ಚಮಚ, ಎರಡು ನಿಮಿಷ

ನಮ್ಮ ಮನೆಯ ಬಚ್ಚಲಲ್ಲಿ ಒಂದು ಕೆಂಪು ಬಕೆಟ್ ಇದೆ. ಐದು ಲೀಟರಿನ ಚಿಕ್ಕ ಬಕೆಟ್, ಸಂತೆಯಲ್ಲಿ ಕೊಂಡದ್ದು. ಅದರಲ್ಲಿ ಯಾರೂ ಬಟ್ಟೆ ನೆನೆಸಲ್ಲ, ನೀರು ತುಂಬಿಡಲ್ಲ. ನಳ ಬರುವ ದಿನ ಮನೆಯ ಕೊಡ, ತಂಬಿಗೆ, ಚೊಂಬು ಎಲ್ಲ ತುಂಬಿದರೂ ಅದೊಂದು ಖಾಲಿಯೇ ಇರುತ್ತದೆ. ವಿಜಯಪುರದಲ್ಲಿ ನಳ ದಿನಾ ಬರಲ್ಲ. ಹಾಗಿದ್ದೂ ಒಂದು ಬಕೆಟ್ ಖಾಲಿ ಇಟ್ಟಿದ್ದಾರಲ್ಲ ಅಂತ ಬಂದ ನೆಂಟರಿಗೆ ಆಶ್ಚರ್ಯ. "ಅದು ಚಿನ್ನೀದು" ಅಂತ ಹೇಳಿ ಸುಮ್ಮನಾಗುತ್ತೇನೆ.

ಚಿನ್ನಿ ನನ್ನ ಮಗಳು. ಈಗ ಆರು ವರ್ಷ. ಅದು ಮನೆಯ ಹೆಸರು, ಶಾಲೆಯ ಹೆಸರು ಬೇರೆ.

ನಮ್ಮ ಕಡೆ ವಾಂತಿಗೆ ಪದಗಳಿಗೇನು ಬರವಿಲ್ಲ. ಅತ್ತೆ "ಕೂಸು ಕಾರಾಕತ್ತದ" ಅನ್ನುತ್ತಾರೆ. ಪಕ್ಕದ ಮನೆಯವರು "ಉಲ್ಟಿ ಆತೇನ್ರಿ?" ಅಂತ ಕೇಳುತ್ತಾರೆ. ನಾನು ಫೋನಿನಲ್ಲಿ ಡಾಕ್ಟರಿಗೆ "ವಾಂತಿ" ಅನ್ನುತ್ತೇನೆ. ಬರೀ ಹೊಟ್ಟೆ ತೊಳೆಸಿ ಏನೂ ಬರದಿದ್ದರೆ ಅದಕ್ಕೆ ಓಕರಿಕೆ. ಇಷ್ಟೆಲ್ಲ ಪದ ಇಟ್ಟುಕೊಂಡೂ ಮಗುವಿಗೆ ಏನಾಗಿದೆ ಅಂತ ಹೇಳುವ ಪದ ನಮಗೆ ಸಿಗಲು ಹತ್ತಿರ ಹತ್ತಿರ ಐದು ತಿಂಗಳು ಬೇಕಾಯಿತು.

ಮೊದಲ ಸಲ ಆದದ್ದು ಸಿದ್ಧೇಶ್ವರ ಜಾತ್ರೆಯ ಮರುದಿನ. ಸಂಕ್ರಮಣದ ಹೊತ್ತಿಗೆ ಊರೆಲ್ಲ ಆ ಕಡೆಯೇ ಹರಿಯುತ್ತದೆ. ಚಿನ್ನಿಗೆ ಆಗ ಮೂರು ವರ್ಷ, ತೂಕ ಹನ್ನೆರಡು ಕೆಜಿ. ಅಪ್ಪನ ಹೆಗಲ ಮೇಲೆ ಕೂತು ನಂದಿಧ್ವಜ ನೋಡಿದಳು, ಮದ್ದು ಸುಡುವಾಗ ಕಿವಿ ಮುಚ್ಚಿಕೊಂಡು ಕೇಕೆ ಹಾಕಿದಳು, ಎರಡು ಸಲ ತೊಟ್ಟಿಲು ಆಡಿದಳು. ಬೆಂಡು ಬತ್ತಾಸು ತಿಂದಳು. ರಾತ್ರಿ ಹನ್ನೊಂದಕ್ಕೆ ಹೆಗಲ ಮೇಲೇ ನಿದ್ದೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಕೂತಳು. ಮುಖ ಹಿಟ್ಟಿನ ಹಾಗೆ ಬೆಳ್ಳಗಾಗಿತ್ತು. ನಾನು ದೀಪ ಹಾಕುವಷ್ಟರಲ್ಲಿ ಹಾಸಿಗೆ, ನನ್ನ ಸೀರೆ, ದಿಂಬು ಎಲ್ಲ ಆಯಿತು.

ಒಂದು ಸಲ ಕಾರಿಕೊಂಡರೆ ಹಗುರಾಗುತ್ತಾಳೆ ಅಂದುಕೊಂಡೆ. ಹತ್ತು ನಿಮಿಷಕ್ಕೆ ಮತ್ತೆ ಬಂತು. ಮತ್ತೆ ಹತ್ತು ನಿಮಿಷಕ್ಕೆ. ಏಳು ಗಂಟೆಯ ಹೊತ್ತಿಗೆ ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ, ಆದರೂ ಆ ಪುಟ್ಟ ಬೆನ್ನು ಬಿಲ್ಲಿನ ಹಾಗೆ ಬಾಗುತ್ತಿತ್ತು. ಜ್ವರ ಇರಲಿಲ್ಲ. ಭೇದಿ ಇರಲಿಲ್ಲ.

ಹತ್ತಿರದ ಒಂದು ದವಾಖಾನೆಗೆ ಓಡಿದೆವು. ಹೆಸರು ಬೇಡ. ಡಾಕ್ಟರು ಎರಡು ನಿಮಿಷ ನೋಡಿದರು. "ಜಾತ್ರ್ಯಾಗ ಏನರ ತಿಂದಿರಬೇಕು, ಗ್ಯಾಸ್ಟ್ರಿಕ್" ಅಂದರು. ಒಂದು ಇಂಜೆಕ್ಷನ್, ಮೂರು ಸಿರಪ್. ಅದರಲ್ಲೊಂದು ಆ್ಯಂಟಿಬಯೋಟಿಕ್. ಬಾಯಿಗೆ ಹಾಕಿದ್ದೆಲ್ಲ ಹೊರಗೆ ಬರುವ ಮಗುವಿಗೆ ಮೂರು ಸಿರಪ್ ಹೇಗೆ ಕುಡಿಸುವುದು ಅಂತ ಕೇಳಬೇಕು ಅನಿಸಿತು. ಕೇಳಲಿಲ್ಲ. ಹಿಂದೆ ಇಪ್ಪತ್ತು ಜನ ಕಾಯುತ್ತಿದ್ದರು.

ಕೆಲಸಕ್ಕೆ ಬಂದ ಮಾತು ಹೇಳಿದ್ದು ಬಾಗಿಲ ಹತ್ತಿರ ನಿಂತಿದ್ದ ನರ್ಸ್. ನನ್ನ ಕೈಯಲ್ಲಿದ್ದ ನೀರಿನ ಬಾಟಲಿ ನೋಡಿದರು. "ಅಕ್ಕಾ, ಬಾಟ್ಲಿ ಬಾಯಿಗೆ ಹಚ್ಚಬ್ಯಾಡ್ರಿ. ಕಾರಿಕೊಂಡ ಮ್ಯಾಲ ಹತ್ತು ನಿಮಿಷ ಸುಮ್ನಿರ್ರಿ. ಆಮ್ಯಾಲ ಓಆರ್‌ಎಸ್ ಒಂದ ಚಮಚ ಕೊಡ್ರಿ. ಎರಡು ನಿಮಿಷ ಗಡಿಯಾರ ನೋಡ್ರಿ. ಮತ್ತ ಒಂದ ಚಮಚ. ಕೂಸು ಬೇಡಿದ್ರೂ ಜಾಸ್ತಿ ಕೊಡಬ್ಯಾಡ್ರಿ."

ಬೇಡಿದರೂ ಕೊಡಬೇಡಿ ಅನ್ನುವ ಮಾತು ಕೇಳಿ ನನಗೆ ಸಿಟ್ಟು ಬಂತು. ತುಟಿ ಒಣಗಿದ ಮಗು ನೀರು ನೀರು ಅನ್ನುತ್ತಿದೆ. ತಾಯಿಯಾದವಳು ಚಮಚ ಹಿಡಿದು ಗಡಿಯಾರ ನೋಡುತ್ತಾ ಕೂರಬೇಕಾ? ಮನೆಗೆ ಬಂದ ಕೂಡಲೇ ಅರ್ಧ ಗ್ಲಾಸ್ ಕೊಟ್ಟೆ. ಚಿನ್ನಿ ಗಟಗಟ ಕುಡಿದಳು. ಮೂರೇ ನಿಮಿಷ. ಅಷ್ಟೂ ಹೊರಗೆ ಬಂತು, ಅದರ ಜೊತೆ ಇನ್ನೇನೋ ಒಂದಿಷ್ಟು ಬಂತು. ಆಮೇಲೆ ಚಮಚ ಹಿಡಿದೆ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಚಮಚ ಹಿಡಿದು ಕೂತಾಗ ತಲೆ ತಾನೇ ಲೆಕ್ಕ ಹಾಕುತ್ತದೆ. ಒಂದು ಚಮಚ ಅಂದರೆ 5 ಎಂಎಲ್. ಎರಡು ನಿಮಿಷಕ್ಕೊಂದು ಅಂದರೆ ಗಂಟೆಗೆ 30 ಚಮಚ. 150 ಎಂಎಲ್. ಒಂದು ಕಪ್ ಚಹಾದಷ್ಟು! ನಾನು ಒಂದೇ ಗುಟುಕಿಗೆ ಕೊಟ್ಟು ಕಳೆದುಕೊಂಡದ್ದನ್ನು ಚಮಚ ಒಂದು ಗಂಟೆಯಲ್ಲಿ ಒಳಗೆ ಇಳಿಸುತ್ತದೆ. ಕೆರಳಿದ ಹೊಟ್ಟೆ ಒಮ್ಮೆಲೇ ಉಬ್ಬಿದರೆ ತಿರುಗಿ ಎಸೆಯುತ್ತದೆ. ಸ್ವಲ್ಪ ಸ್ವಲ್ಪ ಬಂದರೆ ಅದಕ್ಕೆ ಗೊತ್ತೇ ಆಗಲ್ಲ.

ಎರಡು ನಿಮಿಷ ಎಷ್ಟು ಉದ್ದ ಅಂತ ಮಗು ಬಾಯಿ ತೆರೆದುಕೊಂಡು ಎದುರು ಕೂತಾಗಲೇ ಗೊತ್ತಾಗುವುದು. ನಮ್ಮ ಗೋಡೆ ಗಡಿಯಾರದ ಸೆಕೆಂಡು ಮುಳ್ಳು ಒಂಬತ್ತರ ಹತ್ತಿರ ಸಣ್ಣಗೆ ತಡವರಿಸುತ್ತದೆ. ಆರು ವರ್ಷದಿಂದ ಆ ಗಡಿಯಾರ ನಮ್ಮ ಮನೆಯಲ್ಲಿದೆ, ನಾನು ಅದನ್ನು ನೋಡಿದ್ದು ಆವತ್ತೇ.

ಅಡುಗೆಮನೆಯಲ್ಲಿ ಬೇರೆಯೇ ಗಲಾಟೆ ನಡೆದಿತ್ತು. ನಮ್ಮ ಕಡೆ ಪ್ರೀತಿ ಅಂದರೆ ಉಣಿಸುವುದು. ಹಾದಿಯಲ್ಲಿ ಸಿಕ್ಕವರನ್ನೂ "ಊಟ ಆತೇನ್ರಿ?" ಅಂತಲೇ ಕೇಳುತ್ತೇವೆ. ಅತಿಥಿ ಬೇಡ ಬೇಡ ಅಂತ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದ ಇನ್ನೊಂದು ರೊಟ್ಟಿ ಜಾರಿಸುತ್ತೇವೆ. ಅಂಥ ಮನೆಯಲ್ಲಿ ಬೆಳಗಿನಿಂದ ಏನೂ ತಿನ್ನದ ಮೂರು ವರ್ಷದ ಕೂಸು. ಅತ್ತೆಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. "ಹೊಟ್ಟಿ ಖಾಲಿ ಇದ್ದದ್ದಕ್ಕs ಕಾರಾಕತ್ತದ. ಒಂದ್ ತುತ್ತರ ಹಾಕು" ಅಂತ ನುಚ್ಚು-ಮಜ್ಜಿಗೆ ಕಲಸಿ ತಂದರು. ನಾನು ಬೇಡ ಅಂದೆ. ಅವರು ತಾಟು ಹಿಡಿದೇ ನಿಂತರು. ನಾನು ಮತ್ತೆ ಬೇಡ ಅಂದೆ. ಮದುವೆಯಾಗಿ ಆರು ವರ್ಷದಲ್ಲಿ ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು. ಅವರು ತಾಟು ಕೆಳಗಿಟ್ಟು ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತರು. ಅವರ ತಪ್ಪೂ ಇರಲಿಲ್ಲ. ಹಸಿದ ಮಗುವನ್ನು ನೋಡುತ್ತಾ ಸುಮ್ಮನಿರಿ ಅಂತ ಅವರಿಗೆ ಜೀವನದಲ್ಲಿ ಯಾರೂ ಹೇಳಿರಲಿಲ್ಲ.

ಓಆರ್‌ಎಸ್ ಕಲಸಿದ್ದೂ ಅವರೇ. ಒಂದು ಲೀಟರಿನ ಪೊಟ್ಟಣವನ್ನು ಒಂದೇ ಗ್ಲಾಸಿಗೆ ಸುರಿದಿದ್ದರು, ಗಟ್ಟಿಯಿದ್ದಷ್ಟೂ ಶಕ್ತಿ ಅಂತ. ಬಾಯಿಗಿಟ್ಟರೆ ಸಮುದ್ರದ ನೀರು. ಇದು ನಮ್ಮ ಮನೆಯ ತಪ್ಪಷ್ಟೇ ಅಲ್ಲ, ನಮ್ಮ ಓಣಿಯಲ್ಲಿ ನಾಲ್ಕು ಮನೆಯಲ್ಲಿ ಕೇಳಿದ್ದೇನೆ, ಮೂವರು ಹೀಗೇ ಅಂದಾಜಿಗೆ ಕಲಸುತ್ತಾರೆ. ದೊಡ್ಡ ಪೊಟ್ಟಣಕ್ಕೆ ಕುದಿಸಿ ಆರಿಸಿದ ಒಂದು ಲೀಟರ್ ನೀರು. ಚಿಕ್ಕ ಪೊಟ್ಟಣವಾದರೆ 200 ಎಂಎಲ್. ಪೊಟ್ಟಣದ ಮೇಲೇ ಬರೆದಿರುತ್ತದೆ. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಬೇಕು, ಉಳಿದರೆ ಚೆಲ್ಲಬೇಕು. ಉಪ್ಪು ಜಾಸ್ತಿಯಾದರೆ ಮಗುವಿಗೆ ಅಪಾಯ, ನೀರು ಜಾಸ್ತಿಯಾದರೆ ಕೆಲಸ ಆಗಲ್ಲ. ಪೊಟ್ಟಣವೇ ಸಿಗದ ಹೊತ್ತಿನಲ್ಲಿ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು. ಇದನ್ನು ಅಡುಗೆಮನೆ ಕಪಾಟಿನ ಒಳಬದಿಗೆ ಬರೆದು ಅಂಟಿಸಿದ್ದೇನೆ.

ಈ ಪುಡಿಯ ಕತೆ ಆಮೇಲೆ ಓದಿದೆ. ಉಪ್ಪು ಕರುಳಿನ ಗೋಡೆ ದಾಟಲು ಸಕ್ಕರೆಯ ಕೈ ಹಿಡಿಯಬೇಕಂತೆ. ಇಬ್ಬರೂ ಒಳಗೆ ಹೋದರೆ ನೀರು ಅವರ ಬೆನ್ನು ಹತ್ತಿ ಹೋಗುತ್ತದೆ. 1971ರ ಬಾಂಗ್ಲಾ ಯುದ್ಧದ ಹೊತ್ತಿಗೆ ಬಂಗಾಳದ ಬನಗಾಂವ್‌ನಲ್ಲಿ ನಿರಾಶ್ರಿತರ ನಡುವೆ ಕಾಲರಾ ಹಬ್ಬಿತು. ಅಲ್ಲಿದ್ದ ಡಾಕ್ಟರ್ ದಿಲೀಪ್ ಮಹಲನಬಿಸ್ ಅವರಿಗೆ ಸಲಾಯಿನ್ ಬಾಟಲಿಗಳು ಸಾಲದೆ ಹೋದವು. ಅವರು ಡ್ರಮ್ಮಿನಲ್ಲಿ ಉಪ್ಪು-ಗ್ಲೂಕೋಸ್ ನೀರು ಕಲಸಿಟ್ಟರು. ಮನೆಯವರೇ ಲೋಟದಲ್ಲಿ ಹಿಡಿದು ಕುಡಿಸಿದರು. ನೂರಕ್ಕೆ ಮೂವತ್ತರ ಹತ್ತಿರ ಇದ್ದ ಸಾವು ನಾಲ್ಕಕ್ಕಿಂತ ಕೆಳಗೆ ಬಂತು. ಅವರು ತೀರಿಕೊಂಡದ್ದು 2022ರಲ್ಲಿ. ಪದ್ಮವಿಭೂಷಣ ಬಂದದ್ದು ಅದರ ಮರುವರ್ಷ. ಆದರೂ ನಮ್ಮ ಕಡೆ ಇವತ್ತಿಗೂ "ಸಲಾಯಿನ್ ಹಚ್ಚಿದ್ರs ಶಕ್ತಿ ಬರೋದು" ಅನ್ನುವ ನಂಬಿಕೆ ಗಟ್ಟಿ. ಸಲಾಯಿನ್ ಹಚ್ಚದ ಡಾಕ್ಟರು ಡಾಕ್ಟರೇ ಅಲ್ಲ.

ಇನ್ನೊಂದು ಮಾತು. ಓಆರ್‌ಎಸ್ ಅಂತ ಹೇಳಿ ಅಂಗಡಿಯಲ್ಲಿ ಹಣ್ಣಿನ ಚಿತ್ರದ ಪ್ಯಾಕೆಟ್ ಜ್ಯೂಸ್ ಕೊಡುತ್ತಿದ್ದರಲ್ಲ, ನಾನೂ ಒಂದು ಸಲ ಅದನ್ನೇ ತಂದಿದ್ದೆ. ಸಕ್ಕರೆ ವಿಪರೀತ ಇರುತ್ತಿತ್ತು. ಭೇದಿಯಾಗುವ ಮಗುವಿಗೆ ಅದು ಇನ್ನೂ ಕೆಟ್ಟದ್ದು. 2025ರ ಅಕ್ಟೋಬರಿನಲ್ಲಿ ದೇಶದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ ಅಂಥ ಪಾನೀಯದ ಮೇಲೆ ಓಆರ್‌ಎಸ್ ಅಂತ ಬರೆಯಬಾರದು ಅಂತ ಆದೇಶ ಮಾಡಿತು. ನೀವು ಪುಡಿಯ ಪೊಟ್ಟಣವನ್ನೇ ಕೇಳಿ, ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಬರೆದದ್ದು ನೋಡಿ ತನ್ನಿ.

ಆವತ್ತು ಕೊಟ್ಟ ಚಮಚಗಳಲ್ಲಿ ಅರ್ಧ ಉಳಿದವು, ಅರ್ಧ ಹೊರಗೆ ಬಂದವು. ಸಂಜೆ ಐದಕ್ಕೆ ಚಡ್ಡಿ ಒದ್ದೆ ಮಾಡಿಕೊಂಡಳು. ಮಗು ಉಚ್ಚೆ ಹೊಯ್ದದ್ದಕ್ಕೆ ನಾನು ಅಷ್ಟು ಖುಷಿಪಟ್ಟಿದ್ದು ಅದೇ ಮೊದಲು. ನರ್ಸ್ ಹೇಳಿದ್ದ ಅಳತೆಗೋಲು ಅದೇ ಆಗಿತ್ತು. ಎಂಟು ಗಂಟೆ ಉಚ್ಚೆ ಆಗದಿದ್ದರೆ, ಕಣ್ಣು ಗುಳಿಬಿದ್ದರೆ, ಅಳುವಾಗ ಕಣ್ಣೀರು ಬರದಿದ್ದರೆ, ಕರೆದರೆ ಓಗೊಡದೆ ಮಂಕಾದರೆ, ಚಮಚ ಬಿಟ್ಟು ದವಾಖಾನೆಗೆ ಓಡಬೇಕು. ನಡುರಾತ್ರಿ ಚಿನ್ನಿ ಸತ್ತಂತೆ ನಿದ್ದೆ ಹೋದಳು. ಬೆಳಿಗ್ಗೆ ಎದ್ದು "ಅವ್ವಾ, ರೊಟ್ಟಿ, ಶೇಂಗಾ ಚಟ್ನಿ" ಅಂದಳು. ಏನೂ ಆಗೇ ಇಲ್ಲ ಅನ್ನುವ ಹಾಗೆ. ಅತ್ತೆ ನನ್ನ ಕಡೆ ನೋಡದೆ ರೊಟ್ಟಿ ಬಡಿಯಲು ಕೂತರು.

ಮುಗಿಯಿತು ಅಂದುಕೊಂಡೆವು.

ಫೆಬ್ರವರಿ 26. ಅದೇ ಬೆಳಗಿನ ಜಾವ, ಅದೇ ಬಿಳಿ ಮುಖ. ಈ ಸಲ ಮಧ್ಯಾಹ್ನದ ಹೊತ್ತಿಗೆ ಬಣ್ಣ ಬದಲಾಯಿತು. ನಮ್ಮವರು ಹಳದಿ ಅಂದರು. ನಾನು ಹಸಿರು ಅಂದೆ. ಟ್ಯೂಬ್‌ಲೈಟಿನಲ್ಲಿ ಗೊತ್ತಾಗಲ್ಲ ಅಂತ ಬಕೆಟನ್ನು ಅಂಗಳಕ್ಕೆ ತಂದು ಬಿಸಿಲಿಗೆ ಹಿಡಿದೆವು. ಇಬ್ಬರು ಓದಿದವರು, ಬಕೆಟಿಗೆ ತಲೆ ಹಾಕಿ ಬಣ್ಣಕ್ಕೆ ಜಗಳ. ಹಸಿಮೆಣಸಿನಕಾಯಿ ರುಬ್ಬಿದ ಕಲ್ಲು ತೊಳೆದಾಗ ಬರುವ ನೀರು ಹೇಗಿರುತ್ತದೆ, ಹಾಗಿತ್ತು. ನಾನು ಮಾತಿಗೆ ಕಾಯದೆ ಚೀಲ ಎತ್ತಿಕೊಂಡೆ.

ಈ ಸಲ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಅವರು ಹಸಿರು ಅನ್ನುವ ಮಾತು ಕೇಳುತ್ತಲೇ ಪೆನ್ನು ಕೆಳಗಿಟ್ಟರು. ಹಸಿರು ಅಂದರೆ ಪಿತ್ತ. ಕೆಲವು ಮಕ್ಕಳಿಗೆ ಹುಟ್ಟುವಾಗಲೇ ಕರುಳು ಸರಿಯಾಗಿ ಕೂತಿರುವುದಿಲ್ಲ. ಅದು ಯಾವಾಗಲೋ ಒಮ್ಮೆ ತಿರುಚಿಕೊಂಡರೆ ರಕ್ತ ಓಡುವುದು ನಿಲ್ಲುತ್ತದೆ. ಗಂಟೆಗಳ ಲೆಕ್ಕದಲ್ಲಿ ಆಪರೇಷನ್ ಆಗಬೇಕು. ಅದಕ್ಕೆ ಹಸಿರು ಕಂಡರೆ, ರಕ್ತ ಕಂಡರೆ, ಹೊಟ್ಟೆ ಉಬ್ಬಿ ಗಟ್ಟಿಯಾದರೆ ಮನೆಮದ್ದು ಮಾಡುತ್ತಾ ಕೂರಬಾರದು. ಸಂಜೆಯೊಳಗೆ ಹೊಟ್ಟೆಯ ಸ್ಕ್ಯಾನ್ ಆಯಿತು, ಬೇರಿಯಂ ಕೊಟ್ಟು ಎಕ್ಸ್‌ರೇ ಆಯಿತು. ಕರುಳು ಇರಬೇಕಾದಲ್ಲೇ ಇತ್ತು. ರಕ್ತದ ಸಕ್ಕರೆ ನೋಡಿದರು. ಮೂತ್ರ ನೋಡಿದರು. ಆವತ್ತು ಸಲಾಯಿನ್ ಬೇಕೇ ಆಯಿತು, ಗ್ಲೂಕೋಸ್ ಸೇರಿಸಿದ್ದು. ನಾನು ಅದನ್ನು ಬೈದುಕೊಂಡದ್ದಕ್ಕೆ ತಕ್ಕ ಶಾಸ್ತಿ. ಮರುದಿನ ಮಧ್ಯಾಹ್ನ ಮಂಚದ ಮೇಲೆ ಕುಣಿಯುತ್ತಿದ್ದಳು.

ಏಪ್ರಿಲ್ 5, ಮತ್ತೆ. ಇಷ್ಟು ಹೊತ್ತಿಗೆ ಸುದ್ದಿ ನೆಂಟರಿಗೆಲ್ಲ ಮುಟ್ಟಿತ್ತು. "ಬಟ್ಟಿ ಸರದದ" ಅಂದರು ಒಬ್ಬರು, ಹೊಕ್ಕಳು ಜಾಗ ಬಿಟ್ಟು ಸರಿದಿದೆ ಅಂತ. ಹೊಕ್ಕಳ ಹತ್ತಿರ ಎಣ್ಣೆ ಹಚ್ಚಿ ತಿಕ್ಕುವ ಮುದುಕಿಯೊಬ್ಬಳು ಬಂದಳು. ಅವಳ ಕೈ ಮುಟ್ಟುವ ಮೊದಲೇ ಚಿನ್ನಿ ಕಿರುಚಿದ್ದಕ್ಕೆ ನಾನು ತಡೆದೆ. "ನದರ ಆಗ್ಯಾದ" ಅಂದರು ಇನ್ನೊಬ್ಬರು. ಅತ್ತೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟು ಬರಲಿಲ್ಲ, ದೊಡ್ಡ ನದರೇ ಇದು ಅಂದರು. ಇದನ್ನು ತಡೆಯಲಿಲ್ಲ. ಮಗುವಿಗೆ ಅದರಿಂದ ಕೆಡಕು ಇರಲಿಲ್ಲ. ಅತ್ತೆಯ ಕೈಗೂ ಏನಾದರೂ ಕೆಲಸ ಬೇಕಿತ್ತು ಅಲ್ವಾ. ಕೆಂಪು ಬಕೆಟ್ಟಿಗೆ ತಾನೇ ನೀರು ತೋರಿಸಿ ತೊಳೆದಿಡುವುದನ್ನೂ ಅವರು ಆಗಿನಿಂದ ಶುರು ಮಾಡಿದರು. ನನ್ನ ಕೈಗೆ ಬಿಡುತ್ತಿರಲಿಲ್ಲ.

ನಾನು ಮಾಡಿದ ಕೆಲಸ ಒಂದೇ. ಒಂದು ನೂರು ಪುಟದ ನೋಟ್‌ಬುಕ್ ತಗೊಂಡು ಗೆರೆ ಎಳೆದೆ. ತಾರೀಕು, ಶುರುವಾದ ಹೊತ್ತು, ಎಷ್ಟು ಸಲ, ಬಣ್ಣ, ಉಚ್ಚೆ, ಹಿಂದಿನ ದಿನ ತಿಂದದ್ದು, ಮಲಗಿದ ಹೊತ್ತು, ಎಲ್ಲಿಗೆ ಹೋಗಿದ್ದೆವು. ಹಿಂದಿನ ಎರಡನ್ನೂ ನೆನಪಿನಿಂದ ತುಂಬಿದೆ. ಮೇ 19ಕ್ಕೆ ನಾಲ್ಕನೆಯದು ಬಂತು. ಅದನ್ನು ಬರೆದು ಮುಗಿಸಿ ಪುಟ ನೋಡುತ್ತಾ ಕೂತೆ. ನಡುವಿನ ದಿನ 41, 38, 44. ಶುರುವಾದ ಹೊತ್ತು ನಾಲ್ಕು ಸಲವೂ ಮೂರೂವರೆಯಿಂದ ಐದರ ಒಳಗೆ. ಮುಗಿದದ್ದು ಹೆಚ್ಚು ಕಡಿಮೆ ಇಪ್ಪತ್ತು ಗಂಟೆಗೆ. ಕೆಟ್ಟ ಊಟ ಇಷ್ಟು ಶಿಸ್ತಾಗಿ ಬರಲ್ಲ. ನದರವೂ ಗಡಿಯಾರ ಕಟ್ಟಿಕೊಂಡು ಬರಲ್ಲ.

ನೋಟ್‌ಬುಕ್ಕನ್ನು ಮಕ್ಕಳ ಡಾಕ್ಟರ ಮೇಜಿನ ಮೇಲಿಟ್ಟೆ. ಅವರು ಬಹಳ ಹೊತ್ತು ಓದಿದರು. ಮೊದಲು ಬೆಳಗಿನ ಜಾವ ಅನ್ನುವುದರ ಮೇಲೆ ಬೆರಳಿಟ್ಟರು. ಕಣ್ಣಿನೊಳಗೆ ಬೆಳಕು ಬಿಟ್ಟು ನೋಡಿದರು. ಚಿನ್ನಿಯನ್ನು ಫರಸಿಯ ಗೆರೆಯ ಮೇಲೆ ನಡೆಸಿದರು. ತಲೆಯ ಎಂಆರ್‌ಐ ಮಾಡಿಸಿ ಅಂದರು. ತಲೆಯೊಳಗೆ ಒತ್ತಡ ಏರಿದಾಗಲೂ ಬೆಳಗಿನ ಜಾವವೇ ವಾಂತಿಯಾಗುತ್ತದೆ ಅನ್ನುವುದು ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದೇ ಒಳ್ಳೆಯದಾಯಿತು. ರಿಪೋರ್ಟ್ ಬರುವ ತನಕದ ಎರಡು ದಿನ ನಿದ್ದೆ ಮಾಡಿದೆ.

ರಿಪೋರ್ಟ್ ಸರಿಯಿತ್ತು. ಡಾಕ್ಟರು ಅದನ್ನು ಮಡಿಸಿಟ್ಟು ನನ್ನ ಕಡೆ ತಿರುಗಿದರು. "ನಿಮ್ಮ ಮನ್ಯಾಗ ಯಾರಿಗರ ಅರೆತಲೆನೋವು ಅದ ಏನ್ರಿ?"

ನನಗೆ ಇದೆ. ಹದಿನೈದು ವರ್ಷದಿಂದ ಇದೆ. ಆದರೆ ನನಗೆ ನೆನಪಾದದ್ದು ನನ್ನ ತಲೆ ಅಲ್ಲ. ಇಂಡಿ ತಾಲ್ಲೂಕಿನ ನಮ್ಮ ಹಳ್ಳಿಯ ಮನೆ, ಧಾನ್ಯದ ಚೀಲ ಇಡುವ ಕತ್ತಲ ಕೋಣೆ. ತಿಂಗಳಿಗೊಮ್ಮೆಯೋ ಎರಡು ಸಲವೋ ಅವ್ವ ಅಲ್ಲಿ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದಳು. ಹಳೇ ಸೀರೆಯ ಅಂಚು ಹರಿದು ಹಣೆಗೆ ಬಿಗಿಯಾಗಿ ಕಟ್ಟಿಕೊಂಡು, ಮೂಗಿನ ಹತ್ತಿರ ಒಂದು ನಿಂಬೆಹಣ್ಣು ಹಿಡಿದು ಮಲಗುತ್ತಿದ್ದಳು. ನಿಂಬೆಗೇನು, ಗಿಡದ ಬುಡದಲ್ಲಿ ಬಿದ್ದಿರುತ್ತಿತ್ತು. ಈಗ ಅದೇ ಇಂಡಿ ನಿಂಬೆಗೆ, ಇದು ಈ ಊರಿನದೇ ವಿಶೇಷ ಬೆಳೆ ಅನ್ನುವ ಜಿಐ ಟ್ಯಾಗ್ ಬಂದಿದೆ. ಅವ್ವನ ಮಗ್ಗುಲಲ್ಲಿ ಒಂದು ಹಿತ್ತಾಳೆಯ ಬೋಗುಣಿ ಇರುತ್ತಿತ್ತು. ಅದು ಯಾಕೆ ಅಂತ ನಾನು ಆಗ ಕೇಳಿರಲಿಲ್ಲ. ಅವ್ವನಿಗೆ ತಲೆ ನೋಯುತ್ತದೆ ಅಂತಷ್ಟೇ ಎಲ್ಲರಿಗೂ ಗೊತ್ತು. ಬೋಗುಣಿ ಎಲ್ಲರ ಕಣ್ಣೆದುರೇ ಇತ್ತು.

ಡಾಕ್ಟರು ಹೆಸರು ಹೇಳಿದರು. ಸೈಕ್ಲಿಕ್ ವಾಮಿಟಿಂಗ್ ಸಿಂಡ್ರೋಮ್. ಸುತ್ತು ತಿರುಗಿ ಬರುವ ವಾಂತಿ. ಹೊಸ ರೋಗವೇನಲ್ಲ, ಲಂಡನ್ನಿನ ಸ್ಯಾಮ್ಯುಯೆಲ್ ಗೀ ಅನ್ನುವ ಡಾಕ್ಟರು 1882ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಅರೆತಲೆನೋವಿಗೂ ಇದಕ್ಕೂ ನಂಟು. ಕೆಟ್ಟಿರುವುದು ಹೊಟ್ಟೆಯಲ್ಲ, ಹೊಟ್ಟೆಗೂ ಮಿದುಳಿಗೂ ನಡುವಿನ ಮಾತುಕತೆ. ಬಂದಾಗ ಪ್ರತಿ ಸಲವೂ ಒಂದೇ ಥರ ಬರುತ್ತದೆ, ನಡುವಿನ ದಿನಗಳಲ್ಲಿ ಮಗು ಪೂರ್ತಿ ಚೆನ್ನಾಗಿರುತ್ತದೆ. ಇದನ್ನು ತೋರಿಸುವ ಒಂದು ರಕ್ತಪರೀಕ್ಷೆ ಅಂತ ಇಲ್ಲ. ಬೇರೆ ಕಾರಣ ಯಾವುದೂ ಅಲ್ಲ ಅಂತ ಗಟ್ಟಿ ಮಾಡಿಕೊಂಡು, ಬರುವ ಸುತ್ತನ್ನು ನೋಡಿಯೇ ಹೇಳಬೇಕು. "ನಿಮ್ಮ ನೋಟ್‌ಬುಕ್ ಇಲ್ಲಾಂದ್ರ ಇನ್ನೂ ಎರಡು-ಮೂರು ಸಲ ಕಾಯಬೇಕಾಗ್ತಿತ್ತು" ಅಂದರು. ಬಹಳ ಮಕ್ಕಳಿಗೆ ಹರೆಯ ಬರುವ ಹೊತ್ತಿಗೆ ನಿಲ್ಲುತ್ತದೆ. ಕೆಲವರಿಗೆ ಅದೇ ಅರೆತಲೆನೋವಾಗಿ ತಿರುಗುತ್ತದೆ. ನನ್ನ ಮಗಳು ಯಾವ ಕಡೆ ಹೋಗುತ್ತಾಳೋ.

ಯಾವುದರಿಂದ ಬರುತ್ತದೆ ಅಂತ ಕೇಳಿದೆ. ನಿದ್ದೆಗೆಡುವುದು, ಬಹಳ ಹೊತ್ತು ಹಸಿದಿರುವುದು, ನೆಗಡಿ-ಜ್ವರ, ದೂರದ ಪ್ರಯಾಣ. ಆಮೇಲೆ ಖುಷಿ ಅಂದರು. ನಾನು ತಪ್ಪು ಕೇಳಿಸಿಕೊಂಡೆನೇನೋ ಅಂತ ಮತ್ತೆ ಕೇಳಿದೆ. "ಹೂಂ ರೀ, ಖುಷಿ. ಹಬ್ಬ, ಬರ್ತ್‌ಡೇ, ಜಾತ್ರಿ." ನೋಟ್‌ಬುಕ್ ತಿರುವಿ ತೋರಿಸಿದರು. ಮೊದಲನೆಯದು ಜಾತ್ರೆಯ ಮರುದಿನ. ಎರಡನೆಯದು ಸೋದರಮಾವನ ಮದುವೆಯ ಮರುದಿನ. ಮೂರನೆಯದಕ್ಕೆ ಏನೂ ಕಾಣಲಿಲ್ಲ. ನಾಲ್ಕನೆಯದು ಸೊಲ್ಲಾಪುರಕ್ಕೆ ಹೋಗಿ ಬಂದ ಮರುದಿನ. ನಾವು ಜಾತ್ರೆಯ ಬತ್ತಾಸು, ಮದುವೆಯ ಊಟ, ಹೋಟೆಲಿನ ಇಡ್ಲಿ ಅಂತ ಒಂದೊಂದನ್ನೇ ಬೈದಿದ್ದೆವು. ಚಿಕ್ಕವಳಿದ್ದಾಗ ನಾವು ಬಿದ್ದು ಬಿದ್ದು ನಕ್ಕರೆ "ಭಾಳ ನಗಬ್ಯಾಡ್ರಿ, ಅಳೋದು ಬರ್ತದ" ಅಂತ ಅವ್ವ ಗದರುತ್ತಿದ್ದಳು. ಮೂಢನಂಬಿಕೆ ಅಂತ ನಗುತ್ತಿದ್ದೆ.

ರಾತ್ರಿ ಒಂದು ಸಿರಪ್ ಶುರುವಾಯಿತು. ಸೈಪ್ರೊಹೆಪ್ಟಡಿನ್, ಅಲರ್ಜಿಗೆ ಕೊಡುವ ಹಳೇ ಔಷಧ. ಚಿಕ್ಕ ಮಕ್ಕಳಲ್ಲಿ ಈ ಸುತ್ತು ತಡೆಯಲು ಅದನ್ನು ಕೊಡುತ್ತಾರೆ. ನಿದ್ದೆ ಜಾಸ್ತಿ, ಹಸಿವೂ ಜಾಸ್ತಿ. ಹಸಿವಿನ ಮಾತು ಕೇಳಿ ಅತ್ತೆ ಆ ಡಾಕ್ಟರಿಗೆ ಪೂರ್ತಿ ಒಲಿದುಬಿಟ್ಟರು. ಜೊತೆಗೆ ನಾಲಿಗೆಯ ಮೇಲೆ ಕರಗುವ ಒಂದು ವಾಂತಿ ಗುಳಿಗೆ, ತೂಕ ನೋಡಿ ಬರೆದದ್ದು, ಶುರುವಾಗುವ ಸೂಚನೆ ಕಂಡಾಗ ಇಡಲು. ಈ ಎರಡನ್ನೂ ನೋಡಿ ಯಾರೂ ತಮ್ಮ ಮಗುವಿಗೆ ತಾವೇ ಕೊಡಬೇಡಿ. ಇದು ಚಿನ್ನಿಯ ಚೀಟಿ.

ಸೂಚನೆ ಏನು ಅಂತ ಈಗ ನನಗೆ ಗೊತ್ತು. ಹಿಂದಿನ ಸಂಜೆಯೇ ಮಾತು ಕಡಿಮೆಯಾಗುತ್ತದೆ. ಆಕಳಿಕೆ ಶುರುವಾಗುತ್ತದೆ. ಆಡುವುದು ಬಿಟ್ಟು ಬಂದು ಫರಸಿಯ ಮೇಲೆ ಕೆನ್ನೆ ಒತ್ತಿ ಮಲಗುತ್ತಾಳೆ. ಎಡಗೆನ್ನೆ ಬಿಸಿಯಾದರೆ ಬಲಗೆನ್ನೆ. ತುಟಿಯ ಸುತ್ತ ಒಂದು ಬಿಳಿ ಉಂಗುರ ಕಾಣುತ್ತದೆ. ಆವಾಗ ಮನೆಯಲ್ಲಿ ಯಾರೂ ಮಾತಾಡದೆ ಕೆಲಸಕ್ಕೆ ಬೀಳುತ್ತೇವೆ. ನಮ್ಮವರು ಕಿಟಕಿಗೆ ಹೊದಿಕೆ ಕಟ್ಟುತ್ತಾರೆ. ಮೇ ತಿಂಗಳಾದರೆ ಅದನ್ನು ನೀರಲ್ಲಿ ಅದ್ದಿ ಕಟ್ಟುತ್ತಾರೆ, ಹೊರಗೆ ನಲವತ್ತು ಡಿಗ್ರಿ ಇರುತ್ತದೆ. ನಾನು ಪೊಟ್ಟಣ, ಚಮಚ, ನೋಟ್‌ಬುಕ್ ತರುತ್ತೇನೆ. ಅತ್ತೆ ಒಲೆ ಆರಿಸುತ್ತಾರೆ. ಒಗ್ಗರಣೆಯ ವಾಸನೆ ಬಂದರೆ ಮುಗಿಯಿತು, ರೊಟ್ಟಿ ಬಡಿಯುವ ಸದ್ದೂ ಅವಳಿಗೆ ಆಗಲ್ಲ. ಆ ದಿನ ಮನೆಯವರಿಗೆಲ್ಲ ಹಿಂದಿನ ದಿನದ ಕಟಕ ರೊಟ್ಟಿ, ಮೊಸರು. ಉಣಿಸುವುದೇ ಪ್ರೀತಿ ಅಂತ ಬದುಕಿದ ಹೆಂಗಸು ಒಲೆ ಆರಿಸಿ ಕೂರುವುದನ್ನು ನಾನು ನೋಡಿದ್ದೇನೆ. ಒಮ್ಮೊಮ್ಮೆ ಚಮಚವನ್ನೂ ಅವರೇ ಇಸಿದುಕೊಳ್ಳುತ್ತಾರೆ. ಅವರಿಗೆ ಗಡಿಯಾರ ಬೇಡ. ಎರಡು ಸಲ ಶಿವಸ್ತುತಿ ಹೇಳಿಕೊಂಡರೆ ಎರಡು ನಿಮಿಷ ಆಗುತ್ತದೆ. ನಾನು ಗಡಿಯಾರಕ್ಕೆ ಹಿಡಿದು ನೋಡಿದ್ದೇನೆ, ಸರಿಯಾಗಿ ಆಗುತ್ತದೆ.

ಕಳೆದ ಮಳೆಗಾಲದಲ್ಲಿ ನಮ್ಮ ಓಣಿಯ ಮಕ್ಕಳಿಗೆಲ್ಲ ವಾಂತಿ-ಭೇದಿ ಹಬ್ಬಿತು. ಅದು ಸಾಮಾನ್ಯದ್ದು, ವೈರಸ್ಸಿನದು. ಎರಡು-ಮೂರು ದಿನ ಕಾಡಿ ಹೋಯಿತು. ಅತ್ತೆ ಮನೆ ಮನೆಗೆ ಹೋಗಿ "ಗ್ಲಾಸಿನಾಗ ಕೊಡಬ್ಯಾಡ್ರಿ, ಚಮಚದಾಗ ಕೊಡ್ರಿ, ಪಾಕೀಟು ಒಂದ ಲೀಟರಿಗೆ" ಅಂತ ಹೇಳಿ ಬಂದರು. ಎದೆಹಾಲು ಕುಡಿಯುವ ಕೂಸಿಗೆ ಹಾಲು ನಿಲ್ಲಿಸಬೇಡಿ ಅಂತಲೂ ಹೇಳಿದರು, ಅದನ್ನು ಎಲ್ಲಿ ಕೇಳಿಸಿಕೊಂಡಿದ್ದರೋ. ರೋಟಾವೈರಸ್ ಹನಿಯನ್ನು ಸರ್ಕಾರಿ ದವಾಖಾನೆಗಳಲ್ಲೇ ಆರು, ಹತ್ತು, ಹದಿನಾಲ್ಕನೆಯ ವಾರಕ್ಕೆ ಪುಕ್ಕಟೆ ಹಾಕುತ್ತಾರೆ. ನಮ್ಮ ಓಣಿಯಲ್ಲಿ ಅದನ್ನು ತಪ್ಪಿಸಿದವರು ಇಬ್ಬರಿದ್ದರು. ಅವರಿಗೂ ಅತ್ತೆಯ ಕ್ಲಾಸ್ ಆಯಿತು.

ಸಿರಪ್ ಶುರುವಾದ ಮೇಲೆ 44 ದಿನ 70 ಆಯಿತು, ಆಮೇಲೆ 112. ಒಂದು ಸಲ ಬರೀ ಆರು ತಾಸಿಗೆ ನಿಂತಿತು. ಈಗ ಕೊನೆಯ ಸಲ ಆಗಿ ಐದು ತಿಂಗಳು. ಖುಷಿಯನ್ನು ಮಾತ್ರ ಏನು ಮಾಡಬೇಕೋ ತಿಳಿಯದು. ಆರು ವರ್ಷದ ಮಗುವಿಗೆ ಸ್ವಲ್ಪವೇ ಖುಷಿಪಡು ಅಂತ ಹೇಳೋಕಾಗುತ್ತಾ? ಜಾತ್ರೆಗೆ ಕರೆದುಕೊಂಡು ಹೋಗುತ್ತೇವೆ. ಮಧ್ಯಾಹ್ನ ಮಲಗಿಸಿ, ಹೊಟ್ಟೆಗೆ ಹಾಕಿ, ಒಂಬತ್ತಕ್ಕೆ ಮನೆಗೆ ಬರುತ್ತೇವೆ. ಮದ್ದು ಸುಡುವುದನ್ನು ಮಾಳಿಗೆಯ ಮೇಲಿಂದ ನೋಡುತ್ತಾಳೆ. ಹೋದ ತಿಂಗಳು ಗೋಳಗುಮ್ಮಟ ಹತ್ತಿಸಿದೆವು. ಮೇಲಿನ ಪಿಸುಗುಟ್ಟುವ ಗ್ಯಾಲರಿಯಲ್ಲಿ ಗೋಡೆಗೆ ಬಾಯಿ ಹಚ್ಚಿ ತನ್ನದೇ ಹೆಸರು ಕೂಗಿಕೊಂಡಳು. ಅದು ಸುತ್ತಿ ಸುತ್ತಿ ಮತ್ತೆ ಮತ್ತೆ ಬಂತು. ಅವಳು ಕುಣಿದಾಡಿದಳು. ನಾನು ಅವಳ ತುಟಿಯ ಸುತ್ತ ನೋಡುತ್ತಾ ನಿಂತಿದ್ದೆ. ಆ ರಾತ್ರಿ ಮೂರೂವರೆಗೆ ಎದ್ದು ಕೂತೆ. ಐದೂವರೆಗೆ ಹಾಲಿನವನು ಬಂದ. ಅವಳು ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದಳು.

ಕಳೆದ ವಾರ ತಲೆ ನನ್ನದೇ ಎದ್ದಿತು. ಪರೀಕ್ಷೆ ಪೇಪರು ತಿದ್ದಿ ತಿದ್ದಿ ನಿದ್ದೆಗೆಟ್ಟಿದ್ದೆ. ಶಾಲೆಯಿಂದ ಬಂದವಳೇ ಚೀಲ ಬಿಸಾಕಿ ಮಲಗಿದೆ. ಕಣ್ಣು ತೆರೆಯಲಾಗುತ್ತಿರಲಿಲ್ಲ. ಯಾರೋ ಕಿಟಕಿಯ ಪರದೆ ಎಳೆದರು. ಆಮೇಲೆ ಬಚ್ಚಲ ಕಡೆಯಿಂದ ಪ್ಲಾಸ್ಟಿಕ್ ಹಿಡಿಕೆಯ ಕಟಕಟ ಸದ್ದು ಕೇಳಿತು. ಚಿನ್ನಿ ಎರಡೂ ಕೈಯಲ್ಲಿ ಕೆಂಪು ಬಕೆಟ್ ಹಿಡಿದು ತಂದು ನನ್ನ ತಲೆಯ ಹತ್ತಿರ ಇಟ್ಟಳು. ಒಂದು ಲೋಟ ನೀರು, ಅದರೊಳಗೆ ಒಂದು ಚಮಚ. "ಒಮ್ಮೆಲೇ ಕುಡೀಬ್ಯಾಡ" ಅಂದು ಬಾಗಿಲು ಮುಂದೆ ಮಾಡಿಕೊಂಡು ಹೋದಳು.